ಮಗುವಿನ ನಿದ್ದೆಗೆ ದುಡ್ಡು ಕೊಟ್ಟು ಟೈಮ್‌ಟೇಬಲ್ ಮಾಡಿಸಬೇಕಾ? ಮೂರು ವಾರದ ಪ್ಲಾನ್ ತಗೊಂಡ ಅನುಭವ

ಮೊದಲು ಬೆಲೆ ಹೇಳಿಬಿಡುತ್ತೇನೆ, ನಾನು ಹುಡುಕುವಾಗ ಯಾರೂ ಅದನ್ನ ನೇರವಾಗಿ ಬರೆದಿರಲಿಲ್ಲ. ಮೂರು ವಾರದ ಪ್ಲಾನಿಗೆ 4,500 ರೂಪಾಯಿ ಕೊಟ್ಟೆ. ಅದರಲ್ಲಿ ಉದ್ದದ ಒಂದು ಫಾರ್ಮು, ಮುಕ್ಕಾಲು ಗಂಟೆಯ ಒಂದು ವಿಡಿಯೋ ಕಾಲ್, ಹದಿನಾರು ಪುಟದ ಒಂದು ಪಿಡಿಎಫ್, ಮತ್ತೆ ಮೂರು ವಾರ ವಾಟ್ಸ್ಆ್ಯಪ್‌ನಲ್ಲಿ ಪ್ರಶ್ನೆ ಕೇಳುವ ಅವಕಾಶ. ಕಂಪನಿ ಹೆಸರು ಬರೆಯುತ್ತಿಲ್ಲ. ಇನ್‌ಸ್ಟಾಗ್ರಾಂ ತೆರೆದರೆ ಮಗು ನಿದ್ದೆ ಸರಿಮಾಡಿ ಕೊಡುತ್ತೇವೆ ಅನ್ನೋರು ಹತ್ತಾರು ಜನ ಸಿಗುತ್ತಾರೆ, ಎಲ್ಲರೂ ಕೊಡೋದು ಹೆಚ್ಚುಕಮ್ಮಿ ಇವೇ ನಾಲ್ಕು. ಇದರಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಅಂತ ಹೇಳಿದರೆ ಸಾಕು ಅನ್ನಿಸಿತು.

ನನ್ನ ಪರಿಸ್ಥಿತಿ ಹೀಗಿತ್ತು. ಹೆರಿಗೆ ರಜೆ 26 ವಾರ. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ ಇಷ್ಟು ರಜೆ ಇದೆ. ಅದರಲ್ಲಿ ಎರಡು ವಾರ ಹೆರಿಗೆಗೆ ಮುಂಚೆಯೇ ಕಳೆದಿತ್ತು. ಅಂದರೆ ಮಗಳಿಗೆ ಐದೂವರೆ ತಿಂಗಳಾಗುವಾಗ ನಾನು ಆಫೀಸಿಗೆ ಹೋಗಲೇಬೇಕು, ಹಗಲೆಲ್ಲ ಅತ್ತೆ ನೋಡಿಕೊಳ್ಳಬೇಕು. ಅತ್ತೆಗೆ ಅರವತ್ತೆರಡು, ಮಂಡಿ ನೋವು ಬೇರೆ. ಆಗ ಮಗಳು ಹಗಲಲ್ಲಿ ಐದು ಸಲ ಮಲಗುತ್ತಿದ್ದಳು, ಪ್ರತಿ ಸಲವೂ ಅರ್ಧ ಗಂಟೆ, ತಪ್ಪಿದರೆ ಮೂವತ್ತೈದು ನಿಮಿಷ. ಪ್ರತಿಯೊಂದಕ್ಕೂ ಎತ್ತಿಕೊಂಡು ಓಡಾಡಿ ಮಲಗಿಸಬೇಕು. ದಿನಕ್ಕೆ ಐದು ಸಲ ಅತ್ತೆ ಇದನ್ನ ಹೇಗೆ ಮಾಡುತ್ತಾರೆ ಅನ್ನೋ ಚಿಂತೆಗೇ ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಕೆಲಸಕ್ಕೆ ಹೋಗಲು ಐದು ವಾರ ಇದೆ ಅನ್ನುವಾಗ ದುಡ್ಡು ಕಟ್ಟಿದೆ.

ಫಾರ್ಮಿನ ಜೊತೆ ಮೂರು ದಿನ ಮಗುವಿನ ನಿದ್ದೆ ಬರೆದಿಡಿ ಅಂದರು. ಎಷ್ಟಕ್ಕೆ ಎದ್ದಳು, ಎಷ್ಟಕ್ಕೆ ಮಲಗಿದಳು, ಎಲ್ಲಿ, ಹೇಗೆ. ನಾನು ರೂಲ್ಡ್ ನೋಟ್‌ಬುಕ್ಕಿನಲ್ಲಿ ಬರೆದೆ. ಇಷ್ಟರಿಂದಲೇ ನನಗೆ ಅರ್ಧ ವಿಷಯ ತಿಳಿಯಿತು, ನಿಜವಾಗಿ. ನಾಲ್ಕರಿಂದ ಹನ್ನೊಂದು ತಿಂಗಳ ಮಗುವಿಗೆ ಹಗಲಿನದ್ದೂ ಸೇರಿ ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಮ್ಮವಳದ್ದು ಕೂಡಿಸಿ ನೋಡಿದರೆ ಹನ್ನೊಂದೂವರೆ ಗಂಟೆ. ಹಗಲು ಮೂರು, ರಾತ್ರಿ ಎಂಟೂವರೆ. ಅಂದರೆ ತೊಂದರೆ ಇದ್ದಿದ್ದು ಹಗಲಲ್ಲಿ ಅಲ್ಲ, ರಾತ್ರಿಯಲ್ಲಿ. ಸಂಜೆ ಆರಕ್ಕೆ ಶುರುವಾಗುವ ರಂಪ ಹತ್ತು ಗಂಟೆವರೆಗೆ ಎಳೆಯುತ್ತಿತ್ತು, ನಾವು ಅದನ್ನ ಹೊಟ್ಟೆನೋವು ಅಂತ ಅಂದುಕೊಂಡು ಹಿಂಗಿನ ನೀರು ಹೊಟ್ಟೆಗೆ ಹಚ್ಚುತ್ತಿದ್ದೆವು. ಪಾಪ, ಅವಳಿಗೆ ನಿದ್ದೆ ಬಂದಿತ್ತು ಅಷ್ಟೇ. ಆ ಪುಟ ನೋಡಿ ನನಗೆ ಅಳು ಬಂತು.

ಇನ್ನು ಆ ಪಿಡಿಎಫ್. ಇದಕ್ಕೆ ದುಡ್ಡು ಕೊಡಬೇಡಿ. ಬೆಳಗ್ಗೆ ಏಳಕ್ಕೆ ಏಳಬೇಕು, ಒಂಬತ್ತಕ್ಕೆ ಮಲಗಬೇಕು, ಸಂಜೆ ಆರೂವರೆಗೆ ಸ್ನಾನ, ಏಳಕ್ಕೆ ಕತ್ತಲು ಮಾಡಿದ ಬೇರೆ ಕೋಣೆಯಲ್ಲಿ ರಾತ್ರಿ ನಿದ್ದೆ. ನಮ್ಮ ಮನೆಯನ್ನ ಕೇಳಿಯೇ ಇಲ್ಲ ಇದು. ಮಗುವಿನ ಅಪ್ಪ ಮನೆಗೆ ಬರುವುದೇ ಏಳೂ ಮುಕ್ಕಾಲಿಗೆ. ಬೇರೆ ಕೋಣೆ ಇಲ್ಲ, ಇದ್ದರೂ ಕಳಿಸುತ್ತಿರಲಿಲ್ಲ, ಕನಿಷ್ಠ ಆರು ತಿಂಗಳು ಮಗು ಅಪ್ಪ ಅಮ್ಮ ಮಲಗುವ ಕೋಣೆಯಲ್ಲೇ, ಆದರೆ ತನ್ನದೇ ಹಾಸಿಗೆಯಲ್ಲಿ ಮಲಗಬೇಕು ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳುತ್ತದೆ. ಹದಿನಾರು ಪುಟದಲ್ಲಿ ನಾಲ್ಕು ಪುಟ ಮಗುವನ್ನ ಅಳಲು ಬಿಟ್ಟು ಹೊರಗೆ ಬಂದು ಐದು ನಿಮಿಷ, ಹತ್ತು ನಿಮಿಷ ಕಾಯುವ ವಿಧಾನ. ಕೆಲವರು ಮಾಡುತ್ತಾರೆ, ಅವರಿಗೆ ಸರಿಹೋಗುತ್ತದೆ, ನಾನು ಅವರನ್ನ ತಪ್ಪು ಅನ್ನಲ್ಲ. ನನ್ನ ಕೈಲಿ ಆಗಲ್ಲ, ಅತ್ತೆ ಕೈಲಂತೂ ಆಗುವುದೇ ಇಲ್ಲ.

ವಿಡಿಯೋ ಕಾಲ್ ಮಾತ್ರ ಚೆನ್ನಾಗಿತ್ತು. ಅದನ್ನ ಮಾಡಿದ ಹೆಣ್ಣುಮಗಳು ತಾಳ್ಮೆಯಿಂದ ಕೇಳಿದರು. ನಾನು ಹಟ ಮಾಡಿ ಅತ್ತೆಯನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದೆ, ನೀವು ಯಾರಾದರೂ ಇಂಥದ್ದು ತಗೊಂಡರೆ ಹಗಲು ಮಗು ನೋಡಿಕೊಳ್ಳುವವರು ಆ ಕಾಲ್‌ನಲ್ಲಿ ಇರಲೇಬೇಕು. ಅತ್ತೆ ಮೊದಲು ಕೇಳಿದ್ದು ಸ್ನಾನದ ವಿಷಯ. ನಮ್ಮಲ್ಲಿ ಬೆಳಗ್ಗೆ ಹತ್ತೂವರೆಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ಬೆಚ್ಚಗಿನ ನೀರು ಹಾಕಿದರೆ ಮಗು ಹಾಲು ಕುಡಿದು ಹಾಗೇ ಮಲಗುತ್ತದೆ, ಅದನ್ನ ಸಂಜೆಗೆ ಯಾಕೆ ತಳ್ಳಬೇಕು ಅಂತ. ಆಕೆ ಒಂದು ನಿಮಿಷ ಯೋಚಿಸಿ, ಬೇಡ, ಹಾಗೇ ಇರಲಿ, ದಿನದ ದೊಡ್ಡ ನಿದ್ದೆ ಅದೇ ಆಗಲಿ, ಬಾಕಿ ಎಲ್ಲ ಅದರ ಸುತ್ತ ಹೊಂದಿಸೋಣ ಅಂದರು. 4,500 ರೂಪಾಯಿಯಲ್ಲಿ ಮುಕ್ಕಾಲು ಭಾಗ ಈ ಒಂದು ಮಾತಿಗೇ ಹೋಯಿತು ಅಂತ ಲೆಕ್ಕ ಹಾಕಿದರೂ ನನಗೆ ಬೇಜಾರಿಲ್ಲ.

ಎರಡನೇದು ದೀಪ ಹಚ್ಚುವ ಹೊತ್ತು. ಆ ಹೊತ್ತಲ್ಲಿ ಮನೆಯಲ್ಲಿ ಯಾರೂ ಮಲಗಬಾರದು, ಮಗುವೂ ಅಷ್ಟೇ. ಇದು ಅತ್ತೆಯ ನಿಯಮ, ನನ್ನ ಅಮ್ಮನದ್ದೂ ಅದೇ. ಮುಂಚೆ ಆರೂಕಾಲಕ್ಕೆ ನಿದ್ದೆಗೆ ಜಾರುತ್ತಿದ್ದ ಮಗುವನ್ನ ಎಬ್ಬಿಸಿ ಎಬ್ಬಿಸಿ ಇಡುತ್ತಿದ್ದೆವು, ಅಲ್ಲಿಂದಲೇ ರಂಪ ಶುರು. ಪ್ಲಾನ್ ಶುರುವಾದ ಮೇಲೆ ಐದೂವರೆಗೆ ಇಪ್ಪತ್ತೇ ನಿಮಿಷದ ಒಂದು ಸಣ್ಣ ನಿದ್ದೆ. ಐದೂ ಐವತ್ತಕ್ಕೆ ಎದ್ದು ಮುಖ ಒರೆಸಿಕೊಂಡು ದೀಪ ಹಚ್ಚುವಾಗ ಅಜ್ಜಿ ತೊಡೆ ಮೇಲೆ ಕೂತಿರುತ್ತಿದ್ದಳು. ಎಂಟೂಕಾಲಕ್ಕೆ ರಾತ್ರಿ ನಿದ್ದೆ, ಅಷ್ಟರಲ್ಲಿ ಅಪ್ಪನಿಗೂ ಅರ್ಧ ಗಂಟೆ ಮಗಳು ಸಿಗುತ್ತಿದ್ದಳು.

ಇದನ್ನೆಲ್ಲ ಹೊಂದಿಸಿದ್ದು ಗಡಿಯಾರದ ಸಮಯ ಇಟ್ಟುಕೊಂಡು ಅಲ್ಲ. ಎದ್ದ ಮೇಲೆ ಎಷ್ಟು ಹೊತ್ತು ಎಚ್ಚರ ಇರಬಲ್ಲಳು ಅನ್ನೋದನ್ನ ಹಿಡಿದು. ವೇಕ್ ವಿಂಡೋ ಅಂತಾರೆ. ನಮ್ಮವಳಿಗೆ ಆಗ ಬೆಳಗ್ಗೆ ಒಂದೂ ಮುಕ್ಕಾಲು ಗಂಟೆ, ಸಂಜೆ ಹೊತ್ತಿಗೆ ಎರಡೂಕಾಲು ಗಂಟೆ. ಇದು ಅಂದಾಜು ಅಷ್ಟೇ, ಮಗುವಿಂದ ಮಗುವಿಗೆ ಬೇರೆ, ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ವಯಸ್ಸನ್ನ ಹುಟ್ಟಿದ ದಿನದಿಂದ ಎಣಿಸದೆ ಡಾಕ್ಟರ್ ಕೊಟ್ಟಿದ್ದ ಹೆರಿಗೆ ತಾರೀಖಿನಿಂದ ಎಣಿಸಬೇಕು. ಬೆಳಗ್ಗೆ ಆರೂವರೆಗೆ ಎದ್ದರೆ ಎಲ್ಲ ಸ್ವಲ್ಪ ಬೇಗ ಆಗುತ್ತದೆ, ಏಳಕ್ಕೆ ಎದ್ದರೆ ತಡವಾಗುತ್ತದೆ. ಅತ್ತೆ ಇದನ್ನ ನನಗಿಂತ ಬೇಗ ಹಿಡಿದರು. "ಕಣ್ಣು ಎಳೀತಿದೆ ನೋಡು, ಗಡಿಯಾರ ಆಮೇಲೆ ನೋಡ್ಕೋ" ಅಂತಿದ್ದರು. ಕಿವಿ ಎಳೆಯೋದು, ಮುಖ ಆ ಕಡೆ ತಿರುಗಿಸೋದು, ಸುಮ್ನೆ ಗೋಡೆ ನೋಡೋದು, ಇಷ್ಟರಲ್ಲೇ ಮಲಗಿಸಬೇಕು. ಆಕಳಿಸಿ ಅಳುವವರೆಗೆ ಕಾದರೆ ಕಷ್ಟ.

ಸೀರೆಯ ಜೋಲಿ ವಿಷಯದಲ್ಲಿ ಮಾತ್ರ ಅತ್ತೆಗೆ ಬೇಜಾರಾಯಿತು. ಮಗು ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆ ಮೇಲೆ, ದಿಂಬು ಗೊಂಬೆ ಏನೂ ಇಲ್ಲದೆ ಮಲಗಬೇಕು ಅಂತ ವಿಡಿಯೋ ಕಾಲ್ ಮಾಡಿದ ಆಕೆ ಹೇಳಿದರು. ಜೋಲಿಯಲ್ಲಿ ಬೆನ್ನು ಬಾಗಿ ಗದ್ದ ಎದೆಗೆ ಒತ್ತಿ ಉಸಿರಿಗೆ ತೊಂದರೆ ಆಗಬಹುದು, ಮಗುಚಿಕೊಳ್ಳಲು ಶುರುಮಾಡಿದ ಮೇಲೆ ಬಟ್ಟೆಯಲ್ಲಿ ಸುತ್ತುವುದನ್ನೂ ನಿಲ್ಲಿಸಬೇಕು. ನಾನು ನಮ್ಮ ಮಕ್ಕಳ ಡಾಕ್ಟರನ್ನೂ ಕೇಳಿದೆ, ಅವರೂ ಅದೇ ಹೇಳಿದರು, ಸ್ನಾನ ಆದ ಮೇಲೆ ಹಾಕುವ ಸಾಂಬ್ರಾಣಿ ಹೊಗೆಯನ್ನೂ ಬಿಡಿ ಅಂದರು. ಅತ್ತೆ ತಮ್ಮ ಇಬ್ಬರು ಮಕ್ಕಳನ್ನ ಜೋಲಿಯಲ್ಲೇ ಬೆಳೆಸಿದವರು. ಎರಡು ದಿನ ಮಾತು ಕಮ್ಮಿಯಾಯಿತು. ಮೂರನೇ ದಿನ ಅವರೇ ಜೋಲಿ ಬಿಚ್ಚಿ ಸೀರೆ ಮಡಚಿಟ್ಟರು. ಇವತ್ತಿಗೂ ಆ ಬಗ್ಗೆ ಒಂದು ಮಾತು ಆಡಿಲ್ಲ, ಅದಕ್ಕೆ ನಾನು ಅವರಿಗೆ ತುಂಬಾ ಋಣಿ. ಈಗ ಮಂಚದ ಪಕ್ಕದ ಮರದ ಕಾಟಿನಲ್ಲಿ ಮಲಗಿಸಿ ಎದೆ ಮೇಲೆ ಕೈ ಇಟ್ಟು ಮೆಲ್ಲಗೆ ತಟ್ಟುತ್ತಾ ಜೋಗುಳ ಹೇಳುತ್ತಾರೆ. ಮೊದಲ ವಾರ ನಲವತ್ತು ನಿಮಿಷ ಹಿಡಿಯುತ್ತಿತ್ತು. ಈಗ ಹತ್ತು.

ವಾಟ್ಸ್ಆ್ಯಪ್ ಸೇವೆಗೆ ಬಂದರೆ, ಮೊದಲ ವಾರ ಅದೇ ದಿನ ಉತ್ತರ ಬಂತು. ಎರಡನೇ ವಾರ ಮಗಳಿಗೆ ನೆಗಡಿಯಾಗಿ ಎಲ್ಲ ಏರುಪೇರಾದಾಗ, ನಿಜವಾಗಿ ಸಹಾಯ ಬೇಕಿದ್ದಾಗ, ಎರಡು ದಿನ ಉತ್ತರ ಇಲ್ಲ. ಬಂದಿದ್ದು ಎಲ್ಲರಿಗೂ ಕಳಿಸುವ ರೆಡಿ ಮೆಸೇಜು, ಅದರ ಕೆಳಗೆ ಮುಂದಿನ ಪ್ಯಾಕೇಜಿನ ಲಿಂಕು. ಇದು ಸರಿಯಲ್ಲ. ಮೂಗು ಕಟ್ಟಿದ ಮಗುವಿನ ತಾಯಿ ರಾತ್ರಿ ಎರಡು ಗಂಟೆಗೆ ಮೆಸೇಜು ಹಾಕಿದ್ದಾಳೆ ಅಂದರೆ ಅವಳಿಗೆ ಮಾರಾಟದ ಲಿಂಕು ಬೇಕಿಲ್ಲ, ಅಲ್ವಾ? ಆ ವಾರ ಟೈಮ್‌ಟೇಬಲ್ ಬದಿಗಿಟ್ಟು, ಅವಳು ಹೇಗೆ ಮಲಗುತ್ತಾಳೋ ಹಾಗೆ ಬಿಟ್ಟೆವು. ನೆಗಡಿ ಹೋದ ನಾಲ್ಕು ದಿನಕ್ಕೆ ತಾನಾಗಿ ಸರಿಹೋಯಿತು.

ಜಾಹೀರಾತಿನಲ್ಲಿ "ಎರಡು ವಾರದಲ್ಲಿ ರಾತ್ರಿಯಿಡೀ ನಿದ್ದೆ" ಅಂತ ಇತ್ತು. ಅದು ಆಗಲಿಲ್ಲ. ಆ ವಯಸ್ಸಿಗೆ, ಎದೆಹಾಲು ಮಾತ್ರ ಕುಡಿಯುವ ಮಗು ರಾತ್ರಿ ಹಾಲಿಗೆ ಏಳುವುದು ಸಹಜ ಅಂತ ಡಾಕ್ಟರ್ ಹೇಳಿದರು, ಹಾಗಾಗಿ ಆ ಮಾತನ್ನ ನಂಬಿ ದುಡ್ಡು ಕಟ್ಟಬೇಡಿ. ನಮಗೆ ಸಿಕ್ಕಿದ್ದು ಇಷ್ಟು: ರಾತ್ರಿ ನಾಲ್ಕೈದು ಸಲ ಏಳುತ್ತಿದ್ದವಳು ಎರಡು ಸಲ ಏಳುತ್ತಾಳೆ. ಹಗಲಿನ ಒಟ್ಟು ನಿದ್ದೆ ಮೂರೂಕಾಲು ಗಂಟೆ, ಅಲ್ಲೇನೂ ದೊಡ್ಡ ಬದಲಾವಣೆ ಇಲ್ಲ. ರಾತ್ರಿಯದ್ದು ಒಂಬತ್ತೂ ಮುಕ್ಕಾಲು. ಒಟ್ಟು ಹದಿಮೂರು. ಸ್ನಾನದ ನಂತರದ ನಿದ್ದೆ ಒಂದೂವರೆ ಗಂಟೆ ಬರುತ್ತದೆ, ಅಷ್ಟರಲ್ಲಿ ಅತ್ತೆ ಊಟ ಮುಗಿಸಿ ಕಾಲು ಚಾಚಿ ಕೂರಬಹುದು. ನನಗೆ ಬೇಕಾಗಿದ್ದು ಅದೇ.

ದುಡ್ಡು ಕೊಡುವ ಮುಂಚೆ ನೋಟ್‌ಬುಕ್ಕಿನಲ್ಲಿ ಒಂದು ವಾರ ಬರೆದು ನೋಡಿ, ಒಂದು ಪೈಸೆ ಖರ್ಚಿಲ್ಲ. ಆಮೇಲೂ ಬೇಕು ಅನ್ನಿಸಿದರೆ ಕಾಲ್ ಮಾತ್ರ ಬೇಕು, ಪಿಡಿಎಫ್ ಬೇಡ ಅಂತ ಕೇಳಿ. ಕೆಲವರು 1,500ಕ್ಕೆ ಒಂದು ಕಾಲ್ ಕೊಡುತ್ತಾರೆ ಅಂತ ನನಗೆ ಆಮೇಲೆ ಗೊತ್ತಾಯಿತು. ಮಗು ತೂಕ ಏರುತ್ತಿಲ್ಲ, ಗೊರಕೆ ಹೊಡೆಯುತ್ತದೆ, ಉಸಿರಾಟ ಸರಿಯಿಲ್ಲ ಅಂದರೆ ಇವರ ಹತ್ತಿರ ಹೋಗಲೇಬೇಡಿ, ಸೀದಾ ಡಾಕ್ಟರ್ ಹತ್ತಿರ ಹೋಗಿ.

ಈಗ ಮಗಳಿಗೆ ಎಂಟು ತಿಂಗಳು. ರಾಗಿ ಸರಿ ತಿನ್ನುತ್ತಾಳೆ, ಐದೂವರೆಯ ಸಣ್ಣ ನಿದ್ದೆ ಆಗಲೇ ಬಿಟ್ಟಾಯಿತು, ಮಧ್ಯಾಹ್ನ ಮೂರು ಗಂಟೆ ಹೊತ್ತಿನ ನಿದ್ದೆಯನ್ನೂ ಕೆಲವು ದಿನ ಬೇಡ ಅಂತಾಳೆ. "ಎಂಟರಿಂದ ಹನ್ನೆರಡು ತಿಂಗಳ ಪ್ಲಾನ್" ಅಂತ ಅದೇ ಕಂಪನಿಯಿಂದ ಮೊನ್ನೆ ಮತ್ತೆ ಮೆಸೇಜು ಬಂತು. ನಾನು ಉತ್ತರ ಕೊಡಲಿಲ್ಲ. ಫ್ರಿಜ್ ಮೇಲೆ ಹೊಸ ಹಾಳೆ ಅಂಟಿಸಿದ್ದೇನೆ, ಇವತ್ತಿನ ಮೊದಲ ಸಾಲನ್ನ ಅತ್ತೆ ಆಗಲೇ ಬರೆದಿದ್ದಾರೆ: ಎದ್ದಿದ್ದು 6.40.