ಪ್ರಿಮ್‌ರೋಸ್ ಕ್ಯಾಪ್ಸುಲ್, ಅಗಸೆ ಎಣ್ಣೆ, ಅಗಸೆ ಪುಡಿ: ಒಣ ಚರ್ಮಕ್ಕೆ ಮೂರೂ ತಿಂದು ನೋಡಿದೆ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಅಗಸೆ ಚಟ್ನಿಪುಡಿಗೆ. ಎಣ್ಣೆ ಬಾಟ್ಲಿಗೆ 700 ರೂಪಾಯಿ ಸುರಿದ್ಮೇಲೆ ಬಂದ ಬುದ್ಧಿ ಇದು.

ನಮ್ದು ಮಡಿಕೇರಿ ಹತ್ರ. ಡಿಸೆಂಬರ್ ಬಂತಂದ್ರೆ ಕಾಫಿ ಕುಯ್ಲು, ಬೆಳಗ್ಗೆ ಚಳಿ, ಸಂಜೆ ಹಂಡೆಯಿಂದ ಸುಡುಸುಡು ನೀರಿನ ಸ್ನಾನ. ಮೊಣಕಾಲಿನ ಕೆಳಗೆ ಉಗುರಲ್ಲಿ ಗೀಚಿದ್ರೆ ಸುಣ್ಣದ ಗೆರೆ ಎಳ್ದಂಗೆ ಕಾಣತ್ತೆ, ರಾತ್ರಿಯೆಲ್ಲಾ ತುರಿಕೆ.

ಹೋದ ವರ್ಷ ಜನವರಿಯಿಂದ ಮೂರು ತಿಂಗಳು ಈವನಿಂಗ್ ಪ್ರಿಮ್‌ರೋಸ್ ಅನ್ನೋ ಹೂಗಿಡದ ಬೀಜದೆಣ್ಣೆ ಕ್ಯಾಪ್ಸುಲ್ ತಗೊಂಡೆ. ಇದ್ರಲ್ಲಿರೋದು ಜಿಎಲ್ಎ ಅನ್ನೋ ಕೊಬ್ಬಿನಾಮ್ಲ, 1000 ಮಿಲಿಗ್ರಾಂ ಕ್ಯಾಪ್ಸುಲಲ್ಲಿ 90 ಮಿಲಿಗ್ರಾಂ ಅಂತ ಬರೆದಿತ್ತು. ಏಪ್ರಿಲ್ ಮಳೆ ಬಿದ್ಮೇಲೆ ಕಾಲು ತಾನೇ ಸರಿ ಹೋಯ್ತು, ಅದನ್ನ ಕ್ಯಾಪ್ಸುಲ್ ಲೆಕ್ಕಕ್ಕೆ ಬರೆಯೋಕೆ ಮನಸ್ಸು ಒಪ್ಪಲ್ಲ. 2013ರಲ್ಲಿ ಕಾಕ್ರೇನ್ ಅಂತ ವೈದ್ಯಕೀಯ ಪ್ರಯೋಗಗಳನ್ನ ಒರೆಗೆ ಹಚ್ಚೋ ಸಂಸ್ಥೆಯವರು 27 ಪ್ರಯೋಗ ಒಟ್ಟಿಗೆ ಇಟ್ಕೊಂಡು ನೋಡಿ, ಎಕ್ಸಿಮಾ ಅನ್ನೋ ಚರ್ಮದ ಕಾಯಿಲೆಗೆ ಪ್ರಿಮ್‌ರೋಸಾಗ್ಲಿ ಬೋರೇಜ್ ಅನ್ನೋ ಇನ್ನೊಂದು ಗಿಡದ ಬೀಜದೆಣ್ಣೆಯಾಗ್ಲಿ ಡಮ್ಮಿ ಮಾತ್ರೆಗಿಂತ ಹೆಚ್ಚೇನೂ ಮಾಡಲ್ಲ ಅಂದಿದ್ದಾರೆ. ನಂದು ಎಕ್ಸಿಮಾ ಅಲ್ಲ, ಆದ್ರೂ.

ಆಮೇಲೆ ಅಗಸೆ ಎಣ್ಣೆ. 2009ರ ಒಂದು ಸಣ್ಣ ಪ್ರಯೋಗದಲ್ಲಿ ಹೆಂಗಸರು 12 ವಾರ ದಿನಕ್ಕೆ 2 ಗ್ರಾಂ ಚಿಲ್ಲರೆ ಅಗಸೆ ಅಥವಾ ಬೋರೇಜ್ ಎಣ್ಣೆ ತಗೊಂಡಿದ್ರಲ್ಲಿ ಚರ್ಮದ ನೀರು ಆರೋದು ಕಮ್ಮಿ ಆಗಿತ್ತಂತೆ, ಅದನ್ನ ಓದಿ ಚಳಿಗಾಲಕ್ಕೆ ಈಗ್ಲೇ ರೆಡಿ ಆಗೋಣ ಅಂತ ಜೂನಲ್ಲೇ ತರಿಸ್ದೆ. ಬಾಟ್ಲಿ ಮೇಲೆ ‘ತೆರೆದ ಮೇಲೆ ಫ್ರಿಜ್ಜಲ್ಲಿಡಿ’ ಅಂತ ಇತ್ತು. ನಮ್ಮೂರ ಜುಲೈ ಗೊತ್ತಲ್ಲ, ಲೈನ್ ಮೇಲೆ ಮರ ಬಿತ್ತು, ನಾಲ್ಕು ದಿನ ಕರೆಂಟಿಲ್ಲ, ಇನ್ವರ್ಟರಲ್ಲಿ ಬಲ್ಬು ಉರೀತಿತ್ತು ಅಷ್ಟೆ, ಫ್ರಿಜ್ಜು ಬರೀ ಬೀರು. ಐದನೇ ದಿನ ಚಮಚ ಬಾಯಿಗಿಟ್ರೆ ಕಮಟು, ಗಂಟ್ಲಲ್ಲಿ ಕೆರೆತ, ಮಧ್ಯಾಹ್ನದವರೆಗೂ ಅದೇ ತೇಗು. ದುಡ್ಡು ಕೊಟ್ಟಿದ್ದೀನಲ್ಲ ಅಂತ ಇನ್ನೆರಡು ದಿನ ಕುಡಿದೆ, ಆ ಪೆದ್ದತನಾನೂ ಒಪ್ಕೋತೀನಿ.

ಕಿಟಕಿ ರಿಪೇರಿಗೆ ಬಂದಿದ್ದ ಬಡಗಿ ಬಾಟ್ಲಿ ಮೂಸಿ, ‘ಅಕ್ಕ, ಇದು ನಾವು ಮರಕ್ಕೆ ಹಚ್ತೀವಲ್ಲ ಅದೇ!’ ಅಂದ. ಲಿನ್‌ಸೀಡ್ ಆಯಿಲ್ ಅಂದ್ರೆ ಅಗಸೆ ಎಣ್ಣೇನೇ. ಅದ್ರಲ್ಲಿ ಅರ್ಧಕ್ಕಿಂತ ಹೆಚ್ಚು ಎಎಲ್ಎ ಅನ್ನೋ ಒಮೆಗಾ-3, ಅದು ಗಾಳಿ ಹೀರ್ಕೊಂಡು ಬೇಗ ಕೆಡತ್ತೆ, ಅದೇ ಗುಣಕ್ಕೇ ಮರದ ಮೇಲೆ ಒಣಗಿ ಗಟ್ಟಿಯಾಗತ್ತೆ. ಉಳಿದಿದ್ದು ಕೊಟ್ಟಿಗೆ ಬಾಗಿಲಿಗೆ ಹೋಯ್ತು, ಬಾಗಿಲು ಚೆನ್ನಾಗಿದೆ.

ಈಗ ಪುಡಿ. ಹುಬ್ಬಳ್ಳಿ ಕಡೆ ಫ್ರೆಂಡ್ ಇದನ್ನ ಅಗಸಿ ಹಿಂಡಿ ಅಂತಾಳೆ, ಹೇಳಿಕೊಟ್ಟಿದ್ದೂ ಅವಳೇ. ವಾರಕ್ಕೆ ಎರಡು ಹಿಡಿ ಬೀಜ ಚಟಪಟ ಅನ್ನೋವರೆಗೂ ಹುರಿದು, ಒಣಮೆಣಸು ಬೆಳ್ಳುಳ್ಳಿ ಹುಣಸೆ ಉಪ್ಪು ಹಾಕಿ ಮಿಕ್ಸಿಗೆ. ಇಡೀ ಬೀಜ ನುಂಗಿದ್ರೆ ಹಾಗೇ ಹೊರಗೆ ಹೋಗತ್ತೆ, ಪುಡಿ ಮಾಡ್ಲೇಬೇಕು. ಬೀಜದಲ್ಲಿ ಸುಮಾರು 40% ಎಣ್ಣೆ, ಅಕ್ಕಿ ರೊಟ್ಟಿ ಜತೆ ಒಂದು ದೊಡ್ಡ ಚಮಚ ಹೋದ್ರೆ ಆ 2 ಗ್ರಾಂ ಬಂತು. ಕಾಲು ಕೆಜಿಗೆ 60 ರೂಪಾಯಿ ಕೊಟ್ಟೆ, ಕರೆಂಟ್ ಹೋದ್ರೂ ಡಬ್ಬಿಯಲ್ಲಿರೋ ಬೀಜಕ್ಕೆ ಏನೂ ಆಗಲ್ಲ. ನೀರು ಮಾತ್ರ ಜಾಸ್ತಿ ಕುಡೀಬೇಕು.

ಈ ಸಲ ಬಿಳಿ ಗೆರೆ ಇದೆ ಆದ್ರೆ ತೆಳು, ರಾತ್ರಿ ತುರಿಕೆಗೆ ಎದ್ದಿಲ್ಲ. ಸ್ನಾನದ ನೀರಿನ ಬಿಸೀನೂ ಕಮ್ಮಿ ಮಾಡಿದ್ದೀನಿ, ಮೈ ಒದ್ದೆ ಇರೋವಾಗ್ಲೇ ಕೊಬ್ಬರಿ ಎಣ್ಣೇನೂ ಹಚ್ತಿದ್ದೀನಿ, ಯಾವುದಕ್ಕೆ ಎಷ್ಟು ಮಾರ್ಕ್ಸು ಅಂತ ಕೇಳ್ಬೇಡಿ. ಅತ್ತೆಗೂ ಪುಡಿ ರುಚಿ ಹತ್ತಿದೆ, ಆದ್ರೆ ಅವ್ರು ರಕ್ತ ತೆಳು ಮಾಡೋ ಮಾತ್ರೆ ತಗೋತಾರೆ, ಡಾಕ್ಟ್ರನ್ನ ಕೇಳೋವರೆಗೂ ಡಬ್ಬಿ ಮೇಲಿನ ಶೆಲ್ಫಲ್ಲೇ.