ಸಾರ್ಟ್ ಮಾಡಿದ ಶೀಟ್ ಕೈಗೆ ಬಂದರೆ ಮೊದಲು ಸಾಲುಗಳನ್ನು ನೋಡಿ, ಮೊತ್ತವನ್ನಲ್ಲ

ಬೇರೆಯವರು ತಯಾರಿಸಿದ ಎಕ್ಸೆಲ್ ಶೀಟ್ ನಂಬಿ ಕೆಲಸ ಮಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಂಕ, ಸಂಬಳ, ಫೋನ್ ನಂಬರ್, ಬಾಕಿ ಹಣ, ಇಂಥದ್ದನ್ನು ನೋಡಿಕೊಳ್ಳುವವರಂತೂ ಓದಲೇಬೇಕು.

ನಮ್ಮ ತರಬೇತಿ ಕೇಂದ್ರದ ಪ್ರವೇಶ ಪರೀಕ್ಷೆಯನ್ನು ಹೊರಗಿನ ಒಂದು ಸಂಸ್ಥೆಗೆ ವಹಿಸಿದ್ದೆವು. ಪರೀಕ್ಷೆ ನಡೆಸುವುದು, ಉತ್ತರ ಪತ್ರಿಕೆ ತಿದ್ದುವುದು, ಫಲಿತಾಂಶದ ಮೇಲ್ ಕಳಿಸುವುದು ಎಲ್ಲ ಅವರದೇ. ಮೇಲ್ ಹೋದ ಮೇಲೆ ನಮಗೂ ಒಂದು ಶೀಟ್ ಬಂತು. ಅದರ ಹಿಂದೆಯೇ ಫೋನ್‌ಗಳು ಶುರುವಾದವು. ಮೊದಲು ಫೋನ್ ಮಾಡಿದವನು ಪಾಸಾದ ಹುಡುಗ. "ಸರ್, ನಾನು ಅರ್ಧ ಪತ್ರಿಕೆ ಖಾಲಿ ಬಿಟ್ಟು ಬಂದಿದ್ದೆ. ನನಗೆ ಮೂರನೇ ರ‍್ಯಾಂಕ್ ಅಂತ ಬಂದಿದೆ. ಇದು ನಂದೇನಾ?" ಅಂತ ಕೇಳಿದ. ಅವನು ಸುಮ್ನೆ ಇದ್ದುಬಿಟ್ಟಿದ್ದರೆ ಎಷ್ಟು ದಿನ ಹೀಗೇ ನಡೆಯುತ್ತಿತ್ತೋ! ಚೆನ್ನಾಗಿ ಬರೆದಿದ್ದ ಒಬ್ಬ ಹುಡುಗಿಗೆ ಫೇಲ್ ಅಂತ ಮೇಲ್ ಹೋಗಿತ್ತು. ನಾವು ವಿಷಯ ತಿಳಿಸುವಷ್ಟರಲ್ಲಿ ಅವಳು ಬೇರೆ ಕಡೆ ಸೇರಿಬಿಟ್ಟಿದ್ದಳು. ನನಗೆ ಇವತ್ತಿಗೂ ಬೇಜಾರಿರುವುದು ಅದಕ್ಕೆ.

ಶೀಟ್ ತೆಗೆದು ನೋಡಿದೆ. ಹೆಸರುಗಳು ಅಕ್ಷರಮಾಲೆಯ ಕ್ರಮದಲ್ಲಿದ್ದವು. ಪಕ್ಕದ ಅಂಕದ ಕಾಲಂ ಮೇಲಿನಿಂದ ಕೆಳಗೆ ಇಳಿಯುತ್ತಾ ಹೋಗಿತ್ತು: 97, 96, 96, 94. ಎರಡೂ ಕಾಲಂ ತಮ್ಮ ತಮ್ಮ ಕ್ರಮದಲ್ಲಿ ಅಚ್ಚುಕಟ್ಟಾಗಿವೆ. ಆದರೆ ಇದು ಆಗುವ ಮಾತೇ ಅಲ್ಲ. 'ಅ' ಅಕ್ಷರದ ಹೆಸರಿನವರಿಗೆಲ್ಲ ಜಾಸ್ತಿ ಅಂಕ, 'ಹ' ಅಕ್ಷರದವರೆಲ್ಲ ಫೇಲ್ ಅಂದರೆ ಹೇಗೆ? ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಾಲಂ ಒಟ್ಟಿಗೆ ಕ್ರಮವಾಗಿ ಕಂಡರೆ, ಯಾರೋ ಒಂದೇ ಕಾಲಂ ಸಾರ್ಟ್ ಮಾಡಿದ್ದಾರೆ, ಅಂದರೆ ಅದನ್ನು ಮಾತ್ರ ಕ್ರಮವಾಗಿ ಜೋಡಿಸಿದ್ದಾರೆ ಅಂತಲೇ ಅರ್ಥ. ಈ ಗುರುತನ್ನು ನೆನಪಿಟ್ಟುಕೊಳ್ಳಿ.

ವಿಚಾರಿಸಿದಾಗ ಅದೇ ಆಗಿತ್ತು. ಅಂಕದ ಕಾಲಂ ಪೂರ್ತಿ ಸೆಲೆಕ್ಟ್ ಮಾಡಿ ಸಾರ್ಟ್ ಒತ್ತಿದ್ದಾರೆ. ಆಗ ಎಕ್ಸೆಲ್ ಒಂದು ಎಚ್ಚರಿಕೆ ತೋರಿಸುತ್ತದೆ: 'ಎಕ್ಸ್‌ಪ್ಯಾಂಡ್ ದ ಸೆಲೆಕ್ಷನ್' ಬೇಕಾ, 'ಕಂಟಿನ್ಯೂ ವಿತ್ ದ ಕರೆಂಟ್ ಸೆಲೆಕ್ಷನ್' ಬೇಕಾ ಅಂತ. ಮೊದಲನೆಯದು ಪಕ್ಕದ ಕಾಲಂಗಳನ್ನೂ ಜೊತೆಗೆ ಸೇರಿಸಿಕೊಂಡು ಇಡೀ ಸಾಲನ್ನು ಸರಿಸುತ್ತದೆ. ಎರಡನೆಯದು ಆ ಒಂದು ಕಾಲಂ ಮಾತ್ರ ಸರಿಸುತ್ತದೆ, ಹೆಸರು ಇದ್ದಲ್ಲೇ ಇರುತ್ತದೆ. ಅವರು ಒತ್ತಿದ್ದು ಎರಡನೆಯದು. ಗೂಗಲ್ ಶೀಟ್ಸ್‌ನಲ್ಲೂ ಇಂಥದ್ದೇ ವ್ಯತ್ಯಾಸ ಇದೆ. 'ಸಾರ್ಟ್ ಶೀಟ್' ಅಂದರೆ ಇಡೀ ಸಾಲುಗಳು ಸರಿಯುತ್ತವೆ, 'ಸಾರ್ಟ್ ರೇಂಜ್' ಅಂದರೆ ಸೆಲೆಕ್ಟ್ ಮಾಡಿದ ಜಾಗ ಮಾತ್ರ.

ನನಗೆ ಇದಕ್ಕಿಂತ ಭಯ ಹುಟ್ಟಿಸಿದ್ದು ಅವರ ಸಮಜಾಯಿಷಿ. "ಕಳಿಸುವ ಮೊದಲು ಚೆಕ್ ಮಾಡಿದ್ವಿ, ಟೋಟಲ್ ಸರಿ ಇತ್ತು" ಅಂದರು. ಸುಳ್ಳಲ್ಲ, ನಿಜವಾಗಿಯೂ ಸರಿ ಇತ್ತು. ಅಂಕಗಳು ಜಾಗ ಬದಲಿಸಿವೆಯೇ ಹೊರತು ಯಾವುದೂ ಕಳೆದುಹೋಗಿಲ್ಲ. ಒಟ್ಟು ಮೊತ್ತ ಅದೇ, ಸರಾಸರಿ ಅದೇ, ಪಾಸಾದವರ ಸಂಖ್ಯೆಯೂ ಅದೇ. ಎಲ್ಲೂ ಎರರ್ ಬರುವುದಿಲ್ಲ, ಕೆಂಪು ಬಣ್ಣ ಕಾಣುವುದಿಲ್ಲ. ಯಾರ ಅಂಕ ಯಾರದು ಅನ್ನುವುದೊಂದೇ ಹಾಳಾಗಿರುತ್ತದೆ, ಅದು ಯಾವ ಮೊತ್ತದಲ್ಲೂ ಕಾಣುವುದಿಲ್ಲ. ಹಾಗಾಗಿ ಸಾರ್ಟ್ ಆದ ಮೇಲೆ ಟೋಟಲ್ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಸಾರ್ಟ್ ಮಾಡುವ ಮೊದಲೇ ಮೇಲಿಂದ, ನಡುವಿನಿಂದ, ಕೊನೆಯಿಂದ ಕೆಲವು ಸಾಲುಗಳನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಿ. ಆದ ಮೇಲೆ ಅದೇ ಹೆಸರುಗಳನ್ನು ಹುಡುಕಿ, ಪಕ್ಕದ ಅಂಕ ಅದೇ ಇದೆಯಾ ನೋಡಿ.

ವಾಪಸ್ ಸರಿ ಮಾಡಲು ಆಗಲಿಲ್ಲವಾ ಅಂದರೆ, ಆಗಲಿಲ್ಲ. ಸಾರ್ಟ್ ಮಾಡಿದ ತಕ್ಷಣ ಕಂಟ್ರೋಲ್ ಝೆಡ್ ಒತ್ತಿದ್ದರೆ ಮುಗಿಯುತ್ತಿತ್ತು. ಅವರು ಫೈಲ್ ಸೇವ್ ಮಾಡಿ ಮುಚ್ಚಿದ್ದರು. ಒಮ್ಮೆ ಮುಚ್ಚಿದ ಮೇಲೆ ಎಕ್ಸೆಲ್‌ಗೆ ಹಿಂದಿನ ಹೆಜ್ಜೆ ನೆನಪಿರುವುದಿಲ್ಲ. ಕಂಪ್ಯೂಟರಿನಲ್ಲೇ ಇಟ್ಟ ಫೈಲ್, ಬೇರೆ ಪ್ರತಿ ಇಲ್ಲ. ಗೂಗಲ್ ಶೀಟ್ಸ್‌ನಲ್ಲಿದ್ದಿದ್ದರೆ 'ವರ್ಷನ್ ಹಿಸ್ಟರಿ'ಗೆ ಹೋಗಿ ಹಳೆಯದನ್ನು ತರಬಹುದಿತ್ತು. ಹೆಸರಿನ ಪ್ರಕಾರ ಮತ್ತೆ ಸಾರ್ಟ್ ಮಾಡಿದರೂ ಪ್ರಯೋಜನವಿಲ್ಲ, ಯಾಕಂದರೆ ಯಾವ ಅಂಕ ಯಾರದು ಎಂಬ ಕೊಂಡಿಯೇ ಕಳಚಿ ಹೋಗಿರುತ್ತದೆ. ಕೊನೆಗೆ ಉತ್ತರ ಪತ್ರಿಕೆಗಳನ್ನು ಹೊರಗೆ ತೆಗೆದು, ಒಂದೊಂದನ್ನೇ ನೋಡಿ ಅಂಕ ಹೊಸದಾಗಿ ತುಂಬಬೇಕಾಯಿತು. ಪತ್ರಿಕೆಗಳೂ ಇಲ್ಲದಿದ್ದರೆ? ನೆನೆಸಿಕೊಳ್ಳಲೂ ಆಗುವುದಿಲ್ಲ.

ಹೊಸ ಶೀಟ್ ಬಂತು. ಅದರಲ್ಲಿ ಇನ್ನೊಂದು ತೊಂದರೆ. ಪಟ್ಟಿಯಲ್ಲಿ 92 ಆದ ಮೇಲೆ 9 ಇತ್ತು, ಅದರ ಕೆಳಗೆ 89. ನೂರಕ್ಕೆ ನೂರು ಪಡೆದವರು ತೀರಾ ಕೆಳಗೆ, 10 ಅಂಕದವರ ಪಕ್ಕದಲ್ಲಿ. ಈ ಸಲ ಸಾಲುಗಳು ಸರಿಯಾಗಿದ್ದವು, ಅಂಕಗಳು ಮಾತ್ರ ಸಂಖ್ಯೆಯಾಗಿ ಇರದೆ ಪಠ್ಯವಾಗಿ ಕೂತಿದ್ದವು. ಪಠ್ಯವನ್ನು ಎಕ್ಸೆಲ್ ಎಡದಿಂದ ಒಂದೊಂದೇ ಅಕ್ಷರ ನೋಡಿ ಜೋಡಿಸುತ್ತದೆ. 100ರ ಮೊದಲ ಅಕ್ಷರ 1, 9ರದ್ದು 9, ಹಾಗಾಗಿ 9 ದೊಡ್ಡದು. ಇದನ್ನು ಗುರುತಿಸುವುದು ಸುಲಭ: ನೀವಾಗಿ ಅಲೈನ್ ಮಾಡದಿದ್ದರೆ ಸಂಖ್ಯೆ ಸೆಲ್‌ನ ಬಲಕ್ಕೆ ಅಂಟಿರುತ್ತದೆ, ಪಠ್ಯ ಎಡಕ್ಕೆ. ಸಾಮಾನ್ಯವಾಗಿ ಸೆಲ್‌ನ ಎಡ ಮೂಲೆಯಲ್ಲಿ ಪುಟ್ಟ ಹಸಿರು ತ್ರಿಕೋನವೂ ಇರುತ್ತದೆ. ಸೆಲ್ ಫಾರ್ಮ್ಯಾಟನ್ನು 'ನಂಬರ್' ಅಂತ ಬದಲಿಸಿದರೆ ಸಾಕು ಅಂದುಕೊಳ್ಳುವವರು ತುಂಬ ಜನ. ಸಾಲದು. ಒಳಗಿರುವುದು ಪಠ್ಯವಾಗಿಯೇ ಉಳಿಯುತ್ತದೆ. ಆ ತ್ರಿಕೋನದ ಪಕ್ಕ ಬರುವ ಗುರುತು ಒತ್ತಿ 'ಕನ್ವರ್ಟ್ ಟು ನಂಬರ್' ಕೊಡಿ, ಇಲ್ಲವೇ ವ್ಯಾಲ್ಯೂ ಫಾರ್ಮುಲಾ ಬಳಸಿ.

ಈ ಎರಡಾದ ಮೇಲೆ ನಮ್ಮಲ್ಲಿದ್ದ ಹಳೆಯ ಶೀಟ್‌ಗಳನ್ನೂ ತೆಗೆದು ನೋಡಿದೆ. ಕಂಡಿದ್ದರಲ್ಲಿ ತೀರಾ ಅಪಾಯ ಅನ್ನಿಸಿದ್ದು ಖಾಲಿ ಕಾಲಂ. ನೋಡಲು ಚೆನ್ನಾಗಿರಲಿ ಅಂತ ನಡುವೆ ಒಂದು ಕಾಲಂ ಖಾಲಿ ಬಿಡುತ್ತಾರಲ್ವಾ, ಅಲ್ಲಿಗೆ ಪಟ್ಟಿ ಮುಗಿಯಿತು ಅಂತ ಎಕ್ಸೆಲ್ ತಿಳಿಯುತ್ತದೆ. ಒಂದು ಸೆಲ್ ಮೇಲೆ ಕರ್ಸರ್ ಇಟ್ಟು ಸಾರ್ಟ್ ಒತ್ತಿದರೆ ಖಾಲಿ ಕಾಲಂನ ಈ ಕಡೆಯದು ಮಾತ್ರ ಸರಿಯುತ್ತದೆ, ಆ ಕಡೆಯದು ಅಲುಗುವುದೇ ಇಲ್ಲ. ಇಲ್ಲಿ ಎಚ್ಚರಿಕೆಯ ಪೆಟ್ಟಿಗೆ ಕೂಡ ಬರುವುದಿಲ್ಲ. ಪೂರ್ತಿ ಖಾಲಿ ಬಿಟ್ಟ ಸಾಲಿನ ಕಥೆಯೂ ಅಷ್ಟೇ, ಅದರ ಕೆಳಗಿನದು ಲೆಕ್ಕಕ್ಕೇ ಬರುವುದಿಲ್ಲ.

ದಿನಾಂಕದ ಕಾಟ ಬೇರೆ. ತಿಂಗಳು ಮೊದಲು ಬರೆಯುವ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ ದಿನ ಮೊದಲು ಬರೆದ ಸಿಎಸ್‌ವಿ ಫೈಲ್ (ಬರೀ ಅಕ್ಷರಗಳಾಗಿ ಉಳಿಸಿದ ಪಟ್ಟಿ) ತೆರೆದರೆ, 13/05/2024 ಅನ್ನುವುದು ಪಠ್ಯವಾಗಿ ಉಳಿಯುತ್ತದೆ, ಯಾಕಂದರೆ ಹದಿಮೂರನೇ ತಿಂಗಳು ಇಲ್ಲ. 04/05/2024 ಮಾತ್ರ ಸದ್ದಿಲ್ಲದೆ ಏಪ್ರಿಲ್ 5 ಆಗಿಬಿಡುತ್ತದೆ, ಬರೆದವರ ಮನಸ್ಸಿನಲ್ಲಿದ್ದದ್ದು ಮೇ 4. ಪಠ್ಯವಾಗಿ ಉಳಿದದ್ದನ್ನು ಹಿಡಿಯಬಹುದು. ಅದಲುಬದಲಾದದ್ದನ್ನು ಹಿಡಿಯುವುದು ಕಷ್ಟ, ಮೂಲ ಫೈಲ್ ಪಕ್ಕದಲ್ಲಿಟ್ಟುಕೊಂಡೇ ನೋಡಬೇಕು.

ಹೆಸರು ಶುರುವಾಗುವ ಮೊದಲೇ ಕಣ್ಣಿಗೆ ಕಾಣದ ಸ್ಪೇಸ್ ಇದ್ದರೆ, ಅಕ್ಷರಮಾಲೆಯ ಕ್ರಮಕ್ಕೆ ಸಾರ್ಟ್ ಮಾಡಿದಾಗ ಆ ಹೆಸರು ಪಟ್ಟಿಯ ಮೇಲ್ತುದಿಗೆ ಹೋಗಿ ಕೂರುತ್ತದೆ. ಟ್ರಿಮ್ ಫಾರ್ಮುಲಾ ಅದನ್ನು ತೆಗೆಯುತ್ತದೆ. ಆದರೆ ವೆಬ್ ಪುಟದಿಂದ ಕಾಪಿ ಮಾಡಿದಾಗ ಬರುವ ಇನ್ನೊಂದು ಬಗೆಯ ಸ್ಪೇಸ್ ಇದೆ, 160ನೇ ಸಂಕೇತದ್ದು. ಅದಕ್ಕೆ ಟ್ರಿಮ್ ಸಾಲದು, ಒಂದು ಅಕ್ಷರದ ಜಾಗಕ್ಕೆ ಇನ್ನೊಂದನ್ನು ಹಾಕುವ ಸಬ್‌ಸ್ಟಿಟ್ಯೂಟ್ ಫಾರ್ಮುಲಾ ಬಳಸಿ ಅಳಿಸಬೇಕು. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಕನ್ನಡ ಹೆಸರುಗಳಂತೂ ಅಕ್ಷರಮಾಲೆಯ ಕ್ರಮಕ್ಕೆ ಬರುವುದೇ ಇಲ್ಲ. ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಬೇರೆ ಅಕ್ಷರಗಳು. ಮೊದಲು ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಸಾರ್ಟ್ ಮಾಡಿ.

ಈಗ ನಮಗೆ ಶೀಟ್ ಕಳಿಸುವವರಿಗೆಲ್ಲ ಕೆಲವು ಷರತ್ತು ಹಾಕಿದ್ದೇವೆ. ಸಾರ್ಟ್ ಮಾಡದ ಮೂಲ ಪ್ರತಿ ಜೊತೆಗೆ ಬರಬೇಕು. ಮೊದಲ ಕಾಲಂನಲ್ಲಿ ಕ್ರಮಸಂಖ್ಯೆ ಇರಬೇಕು, ಅದೂ ಫಾರ್ಮುಲಾ ಅಲ್ಲ, ಟೈಪ್ ಮಾಡಿದ ಸಂಖ್ಯೆ. ಇಡೀ ಸಾಲುಗಳು ಸರಿದಿದ್ದರೆ ಆ ಸಂಖ್ಯೆಯ ಪ್ರಕಾರ ಸಾರ್ಟ್ ಮಾಡಿ ಮೊದಲಿನ ಕ್ರಮಕ್ಕೆ ತರಬಹುದು. ಪಟ್ಟಿಯನ್ನು ಕಂಟ್ರೋಲ್ ಟಿ ಒತ್ತಿ ಟೇಬಲ್ ಮಾಡಿ ಕೊಡಿ ಅಂತಲೂ ಕೇಳುತ್ತೇವೆ. ಟೇಬಲ್‌ನಲ್ಲಿ ಯಾವ ಕಾಲಂ ಹಿಡಿದು ಸಾರ್ಟ್ ಮಾಡಿದರೂ ಇಡೀ ಸಾಲು ಒಟ್ಟಿಗೆ ಹೋಗುತ್ತದೆ. ತಲೆಬರಹದ ಸಾಲೂ ಅಂಕಗಳ ನಡುವೆ ಸೇರಿಕೊಳ್ಳುವುದಿಲ್ಲ.

ಪಟ್ಟಿಯಲ್ಲಿ ನಿಮ್ಮದೇ ಹೆಸರಿದ್ದು, ಬಂದ ಅಂಕವೋ ಹಣವೋ ನಂಬುವಂತಿಲ್ಲ ಅನ್ನಿಸಿದರೆ, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿ: ಉತ್ತರ ಪತ್ರಿಕೆಯ ಮೇಲೆ ಬರೆದಿರುವ ಅಂಕ ಮತ್ತು ಶೀಟ್‌ನಲ್ಲಿ ನನ್ನ ಹೆಸರಿನ ಮುಂದಿರುವ ಅಂಕ ಒಂದೇನಾ? ನಮ್ಮ ಪರೀಕ್ಷೆಯಲ್ಲಿ ತಿದ್ದಿದವರ ತಪ್ಪು ಒಂದೂ ಇರಲಿಲ್ಲ.