ಎತ್ತಿನ ಗಾಡಿ ಬಿಡುತ್ತಿದ್ದ ಛತ್ರದಲ್ಲಿ ಮುದ್ದೆ ಊಟ

ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವವರು ಹೈವೇಯಲ್ಲೇ ಸುಯ್ ಅಂತ ಹೋಗಿಬಿಡುತ್ತಾರೆ. ಇಷ್ಟು ವರ್ಷ ನಾವೂ ಹಾಗೇ ಹೋದವರೇ. ಮೊನ್ನೆ ಭಾನುವಾರ ಭರಮಸಾಗರದ ಹತ್ತಿರ ಹೈವೇ ಬಿಟ್ಟು ಒಳಗಿನ ಹಳ್ಳಿಯೊಂದಕ್ಕೆ ನುಗ್ಗಿದಾಗ, ಹಳೇ ಛತ್ರದಲ್ಲಿ ನಡೆಸುವ ಈ ಊಟದ ಮನೆ ಸಿಕ್ಕಿತು. ಆಗ ಹಸಿವು ಜಾಸ್ತಿ ಇತ್ತು, ಅದನ್ನೂ ಲೆಕ್ಕಕ್ಕೆ ಹಿಡಿದು ಓದಿ.

ಮುದ್ದೆ ಬಿಸಿಬಿಸಿ, ಒಂದು ಗಂಟಿಲ್ಲ. ಮುದ್ದೆಗೆ ಹಾಕುವ ತೆಳು ಸಾರು, ಉದ್ಕ, ನೀರಾಗಿತ್ತು, ಅದು ಇರಬೇಕಾದ್ದೇ ಹಾಗೆ, ಬೆಳ್ಳುಳ್ಳಿ ಖಾರ ಮೂಗಿಗೆ ಹತ್ತುವಂತಿತ್ತು. ದುರ್ಗದ ಕಡೆಯಿಂದ ಬಂದವರು ಮುದ್ದೆ ಕೇಳ್ತಾರೆ, ದಾವಣಗೆರೆ ಕಡೆಯವರು ರೊಟ್ಟಿ ಕೇಳ್ತಾರೆ ಅಂತ ಬಡಿಸುವ ಅಮ್ಮ ಹೇಳಿದರು. ಆ ರೊಟ್ಟಿ ಮಾತ್ರ ತಣ್ಣಗೆ, ನಾರಿನ ಥರ. ಎರಡು ಕೈಯಲ್ಲಿ ಎಳೆದು ತಿಂದೆ.

ನನಗೆ ಊಟಕ್ಕಿಂತ ಹಿಡಿಸಿದ್ದು ಜಗಲಿ. ಮೊಣಕಾಲೆತ್ತರದ ಕಲ್ಲಿನ ಜಗಲಿ, ನಡುವೆ ಕೂತು ಕೂತು ಸವೆದು ತಗ್ಗಾಗಿದೆ. ಗೋಡೆಯಲ್ಲಿ ಎತ್ತು ಕಟ್ಟುವ ಕಬ್ಬಿಣದ ಬಳೆಗಳು, ಪಕ್ಕದಲ್ಲೇ ನೀರಿನ ಕಲ್ಲುಬಾನಿ. ಈಗ ಬಾನಿಯೊಳಗೆ ಕೋಳಿ ಮಲಗುತ್ತದೆ! ಛತ್ರ ಇಲ್ಲೇ ಯಾಕೆ ಅಂತ ಯೋಚಿಸಿದರೆ ಲೆಕ್ಕ ಸುಲಭ. ದುರ್ಗದಿಂದ ದಾವಣಗೆರೆಗೆ ಸುಮಾರು 60 ಕಿಲೋಮೀಟರ್, ತುಂಬಿದ ಎತ್ತಿನ ಗಾಡಿ ದಿನಕ್ಕೆ ಇಪ್ಪತ್ತೈದು-ಮೂವತ್ತು ನಡೆದರೆ ಹೆಚ್ಚು, ಹಾಗಾಗಿ ದಾವಣಗೆರೆಗೆ ಹತ್ತಿ ಹೊತ್ತು ಹೋಗುವವರಿಗೆ ನಡುವೆ ಒಂದು ರಾತ್ರಿಯಾದರೂ ಬೇಕೇ ಬೇಕಿತ್ತು. ಆಗ ಛತ್ರದಲ್ಲಿ ಮಲಗೋದಕ್ಕೆ ದುಡ್ಡು ಕೊಡಬೇಕಿರಲಿಲ್ಲ, ಅಡುಗೆ ಮಾತ್ರ ಅವರವರದ್ದೇ. ಹಿತ್ತಲಲ್ಲಿ ಇನ್ನೂ ಮೂರು ಕಲ್ಲಿನ ಒಲೆ ಇದೆ, ಕರಿ ಹಿಡಿದ ಗೋಡೆ ಸಮೇತ.

ಆಮೇಲೆ ಲಾರಿ, ಬಸ್ಸು ಬಂದವು. ಆಮೇಲೆ ಸುವರ್ಣ ಚತುಷ್ಪಥದ ಅಗಲ ರಸ್ತೆ ಬಂತು. ಇಲ್ಲಿ ನಿಲ್ಲುವ ಅವಶ್ಯಕತೆ ಯಾರಿಗೂ ಉಳಿಯಲಿಲ್ಲ.

ಒಂದೇ ತಕರಾರು, ಬಾಗಿಲ ಮೇಲಿನ ಬೋರ್ಡು. ಮದಕರಿ ನಾಯಕರು ಇಲ್ಲಿ ತಂಗಿದ್ದರಂತೆ! ತಲೆ ಎತ್ತಿ ನೋಡಿದರೆ ಮಂಗಳೂರು ಹೆಂಚು. ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದೇ 1865ರಲ್ಲಿ, ದುರ್ಗ ಮದಕರಿ ನಾಯಕರ ಕೈತಪ್ಪಿ ಹೈದರಾಲಿ ಕೈಗೆ ಹೋಗಿದ್ದು 1779ರಲ್ಲಿ. ಮಾಲೀಕರಿಗೆ ಹೇಳಿದೆ. "ಹೆಂಚು ಆಮೇಲೆ ಹೊದಿಸಿದ್ದು ಸಾರ್" ಅಂದರು, ಮುಖದಲ್ಲಿ ಒಂಚೂರೂ ನಗು ಇಲ್ಲದೆ. ಸುಮ್ನೆ ಮಜ್ಜಿಗೆ ಕುಡಿದೆ. ಗಾಡಿಯವರು ಮಲಗಿದ್ದು ಸಾಲದಾ, ನಾಯಕರೇ ಬೇಕಾ?

ಹೋಗೋದಾದರೆ ಮಧ್ಯಾಹ್ನ ಒಂದು ಗಂಟೆಗೆ ಮುಂಚೆ ಹೋಗಿ, ಎರಡಕ್ಕೆ ಮುದ್ದೆ ಖಾಲಿ. ಟೇಬಲ್ ಖಾಲಿ ಇದ್ದರೂ ಜಗಲಿ ಮೇಲೇ ಕೂರ್ತೀವಿ ಅನ್ನಿ, ಬೇಡ ಅನ್ನಲ್ಲ. ರೊಟ್ಟಿ ಬೇಕಿದ್ದರೆ ಬಿಸಿ ಮಾಡಿಕೊಡಿ ಅಂತ ಮೊದಲೇ ಹೇಳಿ.